ಹೊಲಕ್ಕೆ ಕಲ್ಲು ನೆಡುವ ಮೊದಲು ನನ್ನದೊಂದು ಆಕ್ಷೇಪಣೆ

ಆಕ್ಷೇಪಣೆ ಅರ್ಜಿ ಬರೆಯುವುದನ್ನು ಯಾವ ಕೋಚಿಂಗ್ ಸೆಂಟರೂ ಕಲಿಸುವುದಿಲ್ಲ. ಪ್ರಬಂಧ, ಸಂಕ್ಷೇಪ ಲೇಖನ, ಭಾಷಾಂತರ ಎಲ್ಲವನ್ನೂ ಹೇಳಿಕೊಡುತ್ತಾರೆ. ನಮ್ಮ ಊರಿನ ಸೀಮೆಯಲ್ಲಿ ನಮಗೆ ಸರಿಕಾಣದ ಕೆಲಸವೊಂದು ನಡೆಯುವಾಗ ಯಾರಿಗೆ, ಯಾವ ಕಾನೂನಿನಡಿ, ಯಾವ ಮಾತಿನಲ್ಲಿ ಬರೆಯಬೇಕು ಎಂಬುದು ಮಾತ್ರ ಯಾವ ಗೈಡಿನಲ್ಲೂ ಸಿಗುವುದಿಲ್ಲ. ಪದವಿ ಮುಗಿಸಿ ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ನಾನು ಈ ವರ್ಷ ಅದನ್ನು ಕಲಿತೆ. ನಾಲ್ಕು ಪುಟದ ಅರ್ಜಿ. ವಿಷಯ: ಕೃಷಿ ಜಮೀನನ್ನು ವಸತಿ ಬಡಾವಣೆಗಾಗಿ ಬಿನ್‌ಶೇತ್ಕಿ ಮಾಡುವುದಕ್ಕೆ ಆಕ್ಷೇಪಣೆ ಸಲ್ಲಿಸುವ ಕುರಿತು.

ನಮ್ಮದು ಬಾಗಲಕೋಟೆ ತಾಲ್ಲೂಕಿನ ಬೇವೂರು. ರಸ್ತೆ ಬದಿಯ ಎರೆಹೊಲಗಳನ್ನು ಒಂದೊಂದಾಗಿ ಖರೀದಿಸಿ ಪ್ಲಾಟ್ ಮಾಡುವ ಯೋಚನೆ ಒಬ್ಬ ವ್ಯಾಪಾರಿಯದು. ಅವರ ಹೆಸರು ಇಲ್ಲಿ ಬೇಡ. ಅವರು ಹೋದರೆ ಇನ್ನೊಬ್ಬರು ಬರುತ್ತಾರೆ. ಅವರು ಕೇಳಿದ ಹೊಲಗಳ ಸಾಲಿನಲ್ಲಿ ನಮ್ಮ ಮೂರು ಎಕರೆ ಹತ್ತು ಗುಂಟೆಯೂ ಇದೆ. ಪಕ್ಕದಲ್ಲೊಂದು ಹಳ್ಳ, ಹಳ್ಳದಾಚೆ ಊರಿನ ದನಕರು ಮೇಯುವ ಗಾಯರಾಣ. ನಕ್ಷೆಯಲ್ಲಿ ಆ ಹಳ್ಳದ ಮೇಲೆಯೇ ನಲವತ್ತು ಅಡಿ ರಸ್ತೆಯ ಗೆರೆ ಎಳೆದಿದ್ದರು.

‘ಅಕ್ಕಾರ, ನಿಮ್ಮದೊಂದು ಸಹಿ ಆದ್ರ ಮುಗೀತ್ರಿ’ ಎಂದರು ಮನೆಗೆ ಬಂದ ಏಜೆಂಟರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಹುಟ್ಟಿನಿಂದಲೇ ಇದೆ ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತದೆ. ಕರ್ನಾಟಕ ಅದಕ್ಕೂ ಮೊದಲೇ, 1994ರಲ್ಲೇ, ತನ್ನದೊಂದು ತಿದ್ದುಪಡಿ ತಂದಿತ್ತು. ಹೊಲದ ಬದುವಿನ ಮೇಲೆ ಎಂದೂ ಕರೆದು ಅಭಿಪ್ರಾಯ ಕೇಳದ ಮಂದಿ ಮಾರುವ ಹೊತ್ತಿಗೆ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಬರುವುದು ಈ ಕಾರಣಕ್ಕೆ. ನಾನು ಸಹಿ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂಬುದನ್ನು ಮನೆಯಲ್ಲಿ ಹೇಳಿದ್ದೇನೆ, ಅರ್ಜಿಯಲ್ಲಿ ಬರೆದಿದ್ದೇನೆ. ಇಲ್ಲಿ ನಿಮ್ಮ ಮುಂದೆಯೂ ಇಡುತ್ತೇನೆ. ನಿಮ್ಮ ಊರಿನ ರಸ್ತೆ ಬದಿಯಲ್ಲೂ ಬಣ್ಣ ಬಳಿದ ಕಲ್ಲುಗಳು ಎದ್ದಿರಬಹುದು.

ಒಳ್ಳೆಯ ಹೊಲ, ಕೆಟ್ಟ ನಿವೇಶನ

ಮೊದಲ ಆಕ್ಷೇಪಣೆ ಮಣ್ಣಿನದು. ನಮ್ಮ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಆದರೂ ಬೋರ್‌ವೆಲ್ ಇಲ್ಲದ, ಕಾಲುವೆ ಮುಟ್ಟದ ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬರುತ್ತವೆ. ಹೇಗೆ? ಎರೆಮಣ್ಣೇ ನಮ್ಮ ಕೆರೆ. ಸೆಪ್ಟೆಂಬರ್ ಹೊತ್ತಿಗೆ ಬಿದ್ದ ಮಳೆಯನ್ನು ಅದು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಹಿಂಗಾರಿ ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಚಳಿಯ ಇಬ್ಬನಿ ಮತ್ತು ಆ ಹಸಿಯ ಬಲದ ಮೇಲೆ ಜೋಳ ತೆನೆ ಹಾಯುತ್ತದೆ. ಜನವರಿ, ಫೆಬ್ರುವರಿಯಲ್ಲಿ ಕೊಯ್ಲು. ಒಳ್ಳೆಯ ವರ್ಷದಲ್ಲಿ ನಮ್ಮ ಹೊಲ ಎಕರೆಗೆ ಐದಾರು ಕ್ವಿಂಟಲ್ ಜೋಳ ಕೊಡುತ್ತದೆ, ಮೇಲೆ ಎರಡು ಎತ್ತಿಗೆ ವರ್ಷಕ್ಕಾಗುವಷ್ಟು ಕಣಿಕೆ.

ಇದೇ ಗುಣ ಮನೆ ಕಟ್ಟುವವರಿಗೆ ಶತ್ರು. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿನಲ್ಲಿ ಕುರಿಮರಿಯ ಕಾಲು ಸಿಕ್ಕಿಕೊಳ್ಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ನೆಲದ ಮೇಲೆ ಸಾಮಾನ್ಯ ಪಾಯ ಹಾಕಿ ಕಟ್ಟಿದ ಮನೆಯ ಗೋಡೆ ಒಂದೆರಡು ಮಳೆಗಾಲದೊಳಗೇ ಸೀಳು ಬಿಡುತ್ತದೆ. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಕೆಳಗೆ ಗೆಡ್ಡೆಯಂತೆ ದಪ್ಪವಾಗುವ ಕಾಂಕ್ರೀಟ್ ಕಂಬಗಳ ಪಾಯವನ್ನು ರೂಪಿಸಿದ್ದಾರೆ. ಆದರೆ ಕಂತಿನ ಮೇಲೆ ಮೂವತ್ತು-ನಲವತ್ತರ ಪ್ಲಾಟ್ ಕೊಳ್ಳುವ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೋ ಕಂಡಕ್ಟರಿಗೋ ಆ ಖರ್ಚು ಎಲ್ಲಿಂದ ಬರಬೇಕು? ಬಣ್ಣದ ಬ್ರೋಷರಿನಲ್ಲಿ ಸೂರ್ಯೋದಯ ಇರುತ್ತದೆ, ಮಣ್ಣಿನ ಪರೀಕ್ಷೆಯ ವರದಿ ಇರುವುದಿಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಈ ಭಾಗದ ಹಳೆಯ ಊರುಗಳನ್ನು ಗಮನಿಸಿ. ಹೆಚ್ಚಿನವು ಗರಸು ನೆಲದ ದಿಬ್ಬದ ಮೇಲೋ ಕಲ್ಲುಭೂಮಿಯ ಅಂಚಿಗೋ ಕುಳಿತಿವೆ. ಎರೆಯನ್ನು ಬಿತ್ತಲಿಕ್ಕೆ ಬಿಟ್ಟು ಮಸಾರಿಯಲ್ಲಿ ಮನೆ ಕಟ್ಟಿದರು. ಈಗ ಪ್ಲಾಟಿನ ಜಾಗವನ್ನು ಮಣ್ಣು ನೋಡಿ ಆರಿಸುವುದಿಲ್ಲ, ಡಾಂಬರು ರಸ್ತೆಗೆ ಎಷ್ಟು ಹತ್ತಿರ ಎಂದು ನೋಡಿ ಆರಿಸುತ್ತಾರೆ.

ಒಂದು ಲೆಕ್ಕ ಹೇಳುತ್ತೇನೆ, ಪರೀಕ್ಷೆಗೆ ಓದುವವರಿಗೆ ಉಪಯೋಗಕ್ಕೂ ಬರುತ್ತದೆ. ಒಂದು ಎಕರೆ ಎಂದರೆ 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಕರ್ಯಕ್ಕೆಂದು ಶೇ 45ರಷ್ಟು ಬಿಟ್ಟರೆ ಉಳಿಯುವುದು ಸುಮಾರು 24 ಸಾವಿರ ಚದರಡಿ. 1,200 ಚದರಡಿಯಂತೆ ಇಪ್ಪತ್ತು ಪ್ಲಾಟ್. ಇಪ್ಪತ್ತೂ ಮಾರಾಟವಾಗಬಹುದು, ಆದರೆ ಇಪ್ಪತ್ತರಲ್ಲೂ ಮನೆ ಏಳುವುದಿಲ್ಲ. ನಮ್ಮ ಸುತ್ತಲಿನ ಯಾವುದೇ ಪಟ್ಟಣದ ಹೊರಗೆ ಬಸ್ಸಿನ ಕಿಟಕಿಯಿಂದ ನೋಡಿ: ಕಲ್ಲು ನೆಟ್ಟು, ಕಮಾನು ಕಟ್ಟಿ, ಒಳಗೆ ಬಳ್ಳಾರಿಜಾಲಿ ಬೆಳೆದ ಬಡಾವಣೆಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಅಲ್ಲಿ ಮನೆಯೂ ಇಲ್ಲ, ಜೋಳವೂ ಇಲ್ಲ. ‘ರೇಟ್ ಏರಲಿ’ ಎಂದು ಕಾಯುತ್ತಿರುವ ಕಾಗದಗಳು ಮಾತ್ರ ಯಾರದೋ ತಿಜೋರಿಯಲ್ಲಿವೆ.

ಹಳ್ಳ ಮತ್ತು ಗಾಯರಾಣ ಯಾರ ಆಸ್ತಿ?

ಎರಡನೆಯ ಆಕ್ಷೇಪಣೆ ಹಳ್ಳದ್ದು. ಉತಾರದಲ್ಲಿ ಕಾಲಂ 3 ನೋಡಿದರೆ ‘ಫೂಟ್ ಖರಾಬು ಅ’ ಮತ್ತು ‘ಫೂಟ್ ಖರಾಬು ಬ’ ಎಂಬ ಎರಡು ಸಾಲುಗಳಿವೆ. ‘ಅ’ ಎಂದರೆ ಕಲ್ಲುಬಂಡೆ ಮುಂತಾದ ಕಾರಣಕ್ಕೆ ಸಾಗುವಳಿಗೆ ಬಾರದ ಜಾಗ. ‘ಬ’ ಎಂದರೆ ಹಳ್ಳ, ಬಂಡಿದಾರಿ, ಕಾಲುದಾರಿಯಂಥ ಸಾರ್ವಜನಿಕ ಉಪಯೋಗದ್ದು. ಅದು ನಮ್ಮ ಸರ್ವೆ ನಂಬರಿನೊಳಗೇ ಇದ್ದರೂ ನಮ್ಮದಲ್ಲ. ಮಾರಲು ನಮಗೂ, ಕೊಳ್ಳಲು ಬೇರೆಯವರಿಗೂ ಬರುವುದಿಲ್ಲ. ವರ್ಷದ ಹನ್ನೊಂದು ತಿಂಗಳು ಒಣಗಿ ಮಲಗುವ ಹಳ್ಳವನ್ನು ನೋಡಿ ‘ಇದರಾಗ ಏನದ, ಪೈಪ್ ಹಾಕಿ ಮುಚ್ಚಿದ್ರಾತು’ ಎನ್ನುವವರಿಗೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯನ್ನು ನೆನಪಿಸಬೇಕು. ಆ ನೆರೆ ಉತ್ತರ ಕರ್ನಾಟಕವನ್ನೇ ಅಲ್ಲಾಡಿಸಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಬಾದಾಮಿ, ಹುನಗುಂದ ತಾಲ್ಲೂಕುಗಳ ಊರುಗಳಿಗೆ ನುಗ್ಗಿದಳು. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. ನಾವು ಮರೆತಾಗ ಮನೆಬಾಗಿಲಿಗೆ ಬಂದು ನೆನಪಿಸುತ್ತದೆ.

ಮೂರನೆಯದು ಗಾಯರಾಣ. ಹಳೇ ಮೈಸೂರು ಕಡೆ ಗೋಮಾಳ ಎನ್ನುವುದನ್ನೇ ನಮ್ಮಲ್ಲಿ ಗಾಯರಾಣ ಎನ್ನುತ್ತೇವೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಕಲಂ 71 ಊರಿನ ದನಗಳ ಉಚಿತ ಮೇವಿಗೆ ಸರ್ಕಾರಿ ಜಮೀನು ಮೀಸಲಿಡುವ ಬಗ್ಗೆ ಹೇಳುತ್ತದೆ. 1966ರ ನಿಯಮಗಳಲ್ಲಿ ಅಳತೆಯೂ ಇದೆ: ಪ್ರತಿ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ಬಡಾವಣೆಯ ನಕ್ಷೆ ಗಾಯರಾಣವನ್ನು ನುಂಗುತ್ತಿಲ್ಲ, ನಿಜ. ಆದರೆ ಊರಿನಿಂದ ಅಲ್ಲಿಗೆ ಹೋಗುವ ದಾರಿಯೇ ಕಾಂಪೌಂಡಿನೊಳಗೆ ಸೇರಿದರೆ ಗಾಯರಾಣ ಇದ್ದೂ ಇಲ್ಲದಂತೆ. ನಮ್ಮ ಓಣಿಯ ಕುರಿ ಕಾಯುವ ಕಾಕಾ ಒಬ್ಬರು ನಕ್ಷೆಯನ್ನು ಉಲ್ಟಾ ಹಿಡಿದು ನೋಡಿ, ‘ಎಲ್ಲಾರಿಗೂ ಪ್ಲಾಟ್ ಐತಿ. ಕುರಿಗೆ ಯಾವ ನಂಬರ್ ಕೊಟ್ಟಾರ ತಂಗಿ?’ ಎಂದರು. ಎಲ್ಲರೂ ನಕ್ಕರು. ಆದರೆ ಉತ್ತರ ಯಾರ ಬಳಿಯೂ ಇರಲಿಲ್ಲ. ಹೊಲ ಇಲ್ಲದವರ ಮನೆಯಲ್ಲಿ ಎರಡು ಆಡು, ಒಂದು ಎಮ್ಮೆ ಇರುತ್ತವಲ್ಲ, ಅವು ಬದುಕುವುದು ಈ ಗಾಯರಾಣದ ಮೇಲೆ. ಜಮೀನು ಇದ್ದವರಿಗೆ ಮಾರಿದ ಹಣವಾದರೂ ಬರುತ್ತದೆ. ಇವರಿಗೆ ಮಾರಲಿಕ್ಕೂ ಏನಿಲ್ಲ, ಪರಿಹಾರವೂ ಇಲ್ಲ.

ಈ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ನೀವು ಓದಲೇಬೇಕು. ಜಗಪಾಲ್ ಸಿಂಗ್ ವಿರುದ್ಧ ಪಂಜಾಬ್ ಸರ್ಕಾರ, 2011ರ ಜನವರಿ 28. ಪಟಿಯಾಲ ಜಿಲ್ಲೆಯ ರೋಹರ್ ಜಾಗೀರ್ ಎಂಬ ಹಳ್ಳಿಯ ಕೆರೆ ಜಾಗವನ್ನು ತುಂಬಿಸಿ ಮನೆ ಕಟ್ಟಿಕೊಂಡವರ ಪ್ರಕರಣ ಅದು. ಊರಿನ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಲು ಯೋಜನೆ ರೂಪಿಸುವಂತೆ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಸೂಚಿಸಿತು. ಮನೆ ಕಟ್ಟಲು ಬಹಳ ಖರ್ಚು ಮಾಡಿದ್ದೇವೆ, ಬಹಳ ವರ್ಷದಿಂದ ಇದ್ದೇವೆ ಎಂಬುದು ಸಕ್ರಮಕ್ಕೆ ಕಾರಣವಾಗದು ಎಂದಿತು. ಭೂಹೀನ ಕಾರ್ಮಿಕರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರವೇ ಕೊಟ್ಟದ್ದು, ಶಾಲೆ, ಆಸ್ಪತ್ರೆಯಂಥವು ಇದ್ದದ್ದು, ಇಂಥ ವಿಶೇಷ ಸಂದರ್ಭಗಳನ್ನು ಮಾತ್ರ ಬೇರೆಯಾಗಿ ನೋಡಬಹುದು ಎಂದಿತು. ಬಡವರ ಸೂರನ್ನೂ ಬಂಡವಾಳದ ಪ್ಲಾಟನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ವಿವೇಕ ಅದರಲ್ಲಿದೆ.

ನಮ್ಮ ಜಿಲ್ಲೆ ಈಗಾಗಲೇ ಕೊಟ್ಟಿದೆ

ಬಾಗಲಕೋಟೆಯ ಮಕ್ಕಳಿಗೆ ನೆಲ ಕಳೆದುಕೊಳ್ಳುವುದು ಪಾಠದ ವಿಷಯವಾಗಿ ತಿಳಿದದ್ದಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಆ ಎರಡು ದಿನಾಂಕಗಳ ನಡುವೆ ನದಿದಂಡೆಯ ಊರುಗಳು, ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹಿನ್ನೀರಿಗೆ ಹೋದವು. ಮುಳುಗಡೆಯವರಿಗಾಗಿ 1983ರ ಕಾಯ್ದೆಯಡಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಬಂತು, ನವನಗರ ಎದ್ದಿತು. ಅಲ್ಲಿ ಸೆಕ್ಟರ್ ನಂಬರ್ ಹಿಡಿದು ಮನೆ ಹುಡುಕುವ ಹಿರಿಯರು ಈಗಲೂ ಮಾತಿಗೆ ಕೂತರೆ ಹಳೇ ಊರಿನ ಓಣಿಯ ಹೆಸರನ್ನೇ ಹೇಳುತ್ತಾರೆ. ನಾನು ಓದಲು ಹೋಗುವ ಗ್ರಂಥಾಲಯವೂ ನವನಗರದಲ್ಲೇ ಇದೆ. ಆ ನಗರವೂ ಒಂದು ಕಾಲದ ಹೊಲಗಳ ಮೇಲೆಯೇ ನಿಂತದ್ದು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಮನೆ ಮುಳುಗಿದವರಿಗೆ ಮನೆ ಬೇಕಿತ್ತು.

ಮುಂದೆ ಇನ್ನೂ ಇದೆ. ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಕೊಟ್ಟ ತೀರ್ಪಿನಂತೆ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕಿದೆ. ಏರಿದರೆ ಮುಳುಗುವ ಜಮೀನು 75,563 ಎಕರೆ. ಅದಕ್ಕೆ ನೀರಾವರಿ ಜಮೀನಾದರೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹೊಲ ಕಳೆದುಕೊಳ್ಳುವವರಿಗೆ ಇದು ನ್ಯಾಯವಾಗಿ ಸಲ್ಲಬೇಕಾದ ಹಣ. ಆದರೆ ಹಣ ಬರುವ ಸುದ್ದಿ ಬಂದರೆ ಸಾಕು, ಅದನ್ನು ಎಲ್ಲಿ ಹೂಡಬೇಕು ಎಂದು ಹೇಳಿಕೊಡುವವರು ಮೊದಲೇ ಹಾಜರಿರುತ್ತಾರೆ. ಮುಳುಗದ ಊರುಗಳ ಎರೆಹೊಲಗಳ ಮೇಲೆ ಈಗ ಬಿದ್ದಿರುವ ಕಣ್ಣಿಗೆ ಇದೂ ಒಂದು ಕಾರಣ ಎಂಬುದು ನನ್ನ ಅನುಮಾನ. ಒಂದು ಕಡೆ ನೀರು ಹೊಲವನ್ನು ನುಂಗುತ್ತದೆ, ಇನ್ನೊಂದು ಕಡೆ ಪ್ಲಾಟು. ನೀರು ನುಂಗಿದ್ದಕ್ಕೆ ನೀರಾವರಿ ಎಂಬ ಉದ್ದೇಶವಾದರೂ ಇದೆ. ನಡುವೆ ಉಳಿದ ನೆಲದಲ್ಲಿ ಬೆಳೆ ತೆಗೆಯಬೇಕು, ದನ ಮೇಯಿಸಬೇಕು, ಬದುಕಬೇಕು.

ಹಾಗಾದರೆ ಮನೆ ಬೇಡವೇ?

ನನ್ನ ತಮ್ಮ ಕೇಳಿದ್ದು ಇದನ್ನೇ. ‘ಅಕ್ಕಾ, ಜ್ವಾಳ ಬೆಳದು ಯಾರ ಉದ್ಧಾರ ಆಗ್ಯಾರ ಹೇಳು? ಮಾರಿದ್ರ ನಿನ್ನ ಕೋಚಿಂಗೂ ಆಕ್ಕತಿ, ನನಗೊಂದು ಟಾಟಾ ಏಸೂ ಬರ್ತತಿ.’ ಅವನ ಮಾತಿನಲ್ಲಿ ಸುಳ್ಳಿಲ್ಲ. ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಒಂದು ವರ್ಷ ಕೋಚಿಂಗ್ ತಗೊಳ್ಳುವ ಖರ್ಚು ನಮ್ಮ ಹೊಲದ ಒಂದೆರಡು ವರ್ಷದ ಆದಾಯಕ್ಕಿಂತ ಹೆಚ್ಚು. ಕೆಲಸ ಸಿಗದ ಮನೆಯಲ್ಲಿ ಹೊಲವನ್ನು ಉಳಿಸಿ ಎಂದು ಭಾಷಣ ಮಾಡುವುದು ಸುಲಭವಲ್ಲ. ಅಪ್ಪ ಇಬ್ಬರ ಮಾತನ್ನೂ ಕೇಳಿ, ‘ನಾ ಏನೂ ಅನ್ನೂದಿಲ್ಲ. ನೀವಿಬ್ರೂ ಓದಿದವರು, ನೀವ ಕೂತು ಹೇಳ್ರಿ’ ಎಂದು ಎತ್ತಿಗೆ ನೀರು ಕುಡಿಸಲು ಎದ್ದುಹೋದರು.

ನಾನು ತಮ್ಮನಿಗೆ ಹೇಳಿದ್ದು ಇಷ್ಟು. ಟಾಟಾ ಏಸ್ ಹತ್ತು ವರ್ಷಕ್ಕೆ ಹಳತಾಗುತ್ತದೆ. ನನ್ನ ಪರೀಕ್ಷೆ ಪಾಸಾಗಬಹುದು, ಆಗದೆಯೂ ಇರಬಹುದು. ಇವೆರಡೂ ಕೈಕೊಟ್ಟ ದಿನ ಹಿಂತಿರುಗಿ ಬರಲಿಕ್ಕೆ ಏನು ಉಳಿದಿರುತ್ತದೆ? ಗಾಡಿಗೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ, ಎರೆಮಣ್ಣಿಗೆ ಸಿಗುವುದಿಲ್ಲ. ಒಂದು ಅಂಗುಲ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಅದರ ಮೇಲೆ ಕಾಂಕ್ರೀಟ್ ಬಿದ್ದರೆ ನಮ್ಮ ಮೊಮ್ಮಕ್ಕಳು ಒಡೆದು ತೆಗೆದರೂ ಹೊಲ ಮರಳಿ ಬರುವುದಿಲ್ಲ. ಮಾರುವುದೇ ಆದರೆ ಉಳುವವರಿಗೆ ಮಾರೋಣ, ಬೆಲೆ ಕಡಿಮೆಯಾದರೂ ಸರಿ ಎಂದೆ. ಅವನು ಒಪ್ಪಿದ್ದಾನೆ ಎಂದು ಹೇಳಲಾರೆ. ಸದ್ಯ ಮಾತು ಬಿಟ್ಟಿಲ್ಲ, ಅಷ್ಟು ಸಾಕು.

ಮನೆ ಖಂಡಿತ ಬೇಕು. ಬ್ರಿಟನ್ನಿನಲ್ಲಿ ನಗರಗಳು ಹಬ್ಬದಂತೆ ತಡೆಯಲು 1955ರಿಂದ ಊರ ಸುತ್ತ ಹಸಿರು ಪಟ್ಟಿ ಕಾಯುವ ನೀತಿ ಇದೆ. ಈ ಪಟ್ಟಿಯಿಂದಾಗಿ ಮನೆಗಳ ಬೆಲೆ ಏರಿ ನಮಗೆ ಸೂರು ಸಿಗುತ್ತಿಲ್ಲ ಎಂದು ಅಲ್ಲಿನ ಯುವಕರು ಈಗ ದೂರುತ್ತಾರೆ. ಆ ದೂರಿನಲ್ಲೂ ಅರ್ಥವಿದೆ. ಹಾಗಾಗಿ ‘ಎಲ್ಲಿಯೂ ಕಟ್ಟಬೇಡಿ’ ಎಂದು ನಾನು ಬರೆದಿಲ್ಲ. ಊರೊಳಗೆ ಬಾಗಿಲು ಹಾಕಿ ಬಿದ್ದಿರುವ ಮನೆಗಳಿವೆ, ಗಾಂವಠಾಣಾದ ಅಂಚಿಗೆ ಬಿತ್ತಲು ಬಾರದ ಗರಸು ನೆಲವಿದೆ. ಈಗಾಗಲೇ ಮಂಜೂರಾಗಿ ಖಾಲಿ ಬಿದ್ದಿರುವ ಪ್ಲಾಟುಗಳಿವೆ. ಮೊದಲು ಅವು ತುಂಬಲಿ. ಎರೆಹೊಲ, ಹಳ್ಳ, ಗಾಯರಾಣದ ಸರದಿ ಕೊಟ್ಟಕೊನೆಗೆ ಬರಲಿ. 2013ರ ಭೂಸ್ವಾಧೀನ ಕಾಯ್ದೆಯ ಕಲಂ 10 ಕೂಡ ಬಹುಬೆಳೆಯ ನೀರಾವರಿ ಜಮೀನಿನ ಬಗ್ಗೆ ಇಂಥದೇ ಮಾತು ಹೇಳುತ್ತದೆ: ಬೇರೆ ದಾರಿಯೇ ಇಲ್ಲವೆಂದಾದಾಗ ಮಾತ್ರ ಅದಕ್ಕೆ ಕೈ ಹಾಕಿ. ಆ ರಕ್ಷಣೆ ಸರ್ಕಾರ ಭೂಮಿ ವಶಪಡಿಸಿಕೊಳ್ಳುವಾಗ ಸಿಗುತ್ತದೆ. ಖಾಸಗಿಯವರು ಖರೀದಿಸುವಾಗ, ಅದೂ ನಮ್ಮಂಥ ಒಣಭೂಮಿಗೆ, ಸಿಗುವುದಿಲ್ಲ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಹೀಗಾಗಿ ಉಳಿದಿರುವ ದೊಡ್ಡ ಬಾಗಿಲು ಒಂದೇ: ಹೊಲವನ್ನು ಮನೆ ನಿವೇಶನ ಮಾಡಲು ಬೇಕಾದ ಅನುಮತಿ.

ಪಟ್ಟದಕಲ್ಲಿನ ಗುಡಿಗಳ ಸುತ್ತ ಮೊದಲ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಒಂದು ಇಟ್ಟಿಗೆ ಇಡಬೇಕಾದರೂ ಕೇಳಬೇಕು. ಆ ಗುಡಿ ಕಟ್ಟಿದ ಶಿಲ್ಪಿಗಳಿಗೆ ಅನ್ನ ಹಾಕಿದ್ದು ಇದೇ ಸೀಮೆಯ ಹೊಲಗಳು. ಅವುಗಳಿಗೆ ಅಷ್ಟು ಗಟ್ಟಿಯಾದ ಬೇಲಿ ಇಲ್ಲ. ಇರುವುದೊಂದು ಅನುಮತಿಯ ಕಾಗದ. ಆದ್ದರಿಂದ ಆ ಕಾಗದದ ಬಗ್ಗೆ ನಾವು ತಿಳಿದಿರಬೇಕು.

ಅರ್ಜಿ ಬರೆಯುವವರಿಗೆ ನಾಲ್ಕು ಮಾತು

ಭೂಕಂದಾಯ ಕಾಯ್ದೆಯ ಕಲಂ 95ರ ಪ್ರಕಾರ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಅದೇ ಕಲಂನಲ್ಲಿ ನಿರಾಕರಿಸಲು ಕಾರಣಗಳೂ ಇವೆ: ಬೇರೊಂದು ಕಾನೂನಿಗೆ ಧಕ್ಕೆಯಾಗುವುದಾದರೆ, ಸಾರ್ವಜನಿಕರಿಗೆ ಉಪದ್ರವವಾಗುವುದಾದರೆ, ಸಾರ್ವಜನಿಕ ಹಿತಕ್ಕೆ ವಿರುದ್ಧವಾದರೆ. ನಿಮ್ಮ ಆಕ್ಷೇಪಣೆ ಈ ಮೂರರಲ್ಲಿ ಯಾವುದಾದರೊಂದರ ಕೆಳಗೆ ಕೂರಬೇಕು. ‘ನಮಗೆ ಇಷ್ಟವಿಲ್ಲ’ ಎಂದರೆ ಕಡತ ಮುಚ್ಚುತ್ತದೆ. ‘ಸರ್ವೆ ನಂಬರ್ ಇಂಥದರಲ್ಲಿ ಇಷ್ಟು ಗುಂಟೆ ಬ-ಖರಾಬು ಹಳ್ಳವಿದೆ, ನಕ್ಷೆಯಲ್ಲಿ ಅದನ್ನು ರಸ್ತೆ ಎಂದು ತೋರಿಸಲಾಗಿದೆ’ ಎಂದರೆ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತದೆ.

ದಾಖಲೆ ಹುಡುಕುವುದು ನಮ್ಮ ಪೀಳಿಗೆಗೆ ಸುಲಭ. ಭೂಮಿ ತಂತ್ರಾಂಶದಲ್ಲಿ ಉತಾರ ಸಿಗುತ್ತದೆ. ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಕಾಲ ಕೆಳಗಿನ ಸರ್ವೆ ನಂಬರ್ ತೋರಿಸುತ್ತದೆ. ಸಿಗದ ಕಾಗದಕ್ಕೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಪಟ್ಟಣದ ಸಮೀಪದ ಊರಾದರೆ ಅದು ಮಹಾಯೋಜನೆಯ ವ್ಯಾಪ್ತಿಯಲ್ಲಿದೆಯೇ, ಕೃಷಿ ವಲಯದಲ್ಲಿದೆಯೇ ನೋಡಿ. ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಹೇಳಲು 60 ದಿನ ಸಿಗುತ್ತದೆ. ಆ ಪ್ರಕಟಣೆಯನ್ನು ಯಾರೂ ಡಂಗುರ ಹೊಡೆದು ಹೇಳುವುದಿಲ್ಲ, ನಾವೇ ಹುಡುಕಬೇಕು. ಒಬ್ಬರೇ ಸಹಿ ಮಾಡಬೇಡಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ನಾನು ಅರ್ಜಿ ಕೊಡಲು ಹೋದ ಕಚೇರಿಯೊಂದರಲ್ಲಿ ‘ನೀ ಯಾರವ್ವಾ, ನಿಂದೇನ್ ಹೋಗ್ತತಿ?’ ಎಂದರು. ಅಂಥ ಮಾತಿಗೆ ಸಿಟ್ಟಾಗಬೇಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ, ಅಷ್ಟೇ.

ಪ್ಲಾಟ್ ಕೊಳ್ಳುವ ಆಲೋಚನೆಯಲ್ಲಿರುವವರಿಗೂ ಒಂದು ಕಿವಿಮಾತು. ಬಿನ್‌ಶೇತ್ಕಿ ಆದೇಶ, ಅನುಮೋದಿತ ನಕ್ಷೆ, ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 500 ಚದರ ಮೀಟರ್ ಮೀರಿದ ಬಡಾವಣೆಗೆ ರೇರಾ ನೋಂದಣಿ ಇರಬೇಕು. ‘ಮುಂದ ಎಲ್ಲಾ ಸಕ್ರಮ ಆಕ್ಕತಿ’ ಎಂಬ ಬಾಯಿಮಾತಿನ ಮೇಲೆ ಅಪ್ಪ ಅವ್ವನ ನಿವೃತ್ತಿ ಹಣವನ್ನು ಸುರಿಯಬೇಡಿ. ಸರಿಯಾಗಿ ಕೇಳುವ ಖರೀದಿದಾರರೇ ಹೊಲಗಳಿಗೆ ಒಳ್ಳೆಯ ಕಾವಲು.

ಕೇಳಿದವರಿಗೆ ಸಿಕ್ಕಿದ್ದೂ ಉಂಟು

ದೊಡ್ಡವರ ಮುಂದೆ ನಾಲ್ಕು ಪುಟದ ಅರ್ಜಿ ಏನು ಮಾಡೀತು ಎಂದು ಗೆಳತಿಯೊಬ್ಬಳು ಕೇಳಿದಳು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ ರೈತರನ್ನು ನೆನಪಿಸಿದೆ. ಅಲ್ಲಿ ಸರ್ಕಾರ ಕೈಗಾರಿಕೆಗೆಂದು ಸ್ವಾಧೀನಕ್ಕೆ ಹೊರಟಿದ್ದು 1,777 ಎಕರೆ. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಭೂಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದರು. ಬೆಂಗಳೂರಿನ ಹೊರಗಿನ ಹೆಸರಘಟ್ಟದ ಕಥೆ ಇನ್ನೊಂದು ಬಗೆಯದು. ಐದು ಸಾವಿರ ಎಕರೆಗೂ ಹೆಚ್ಚಿನ ಆ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತ್ತು. ಪರಿಸರಾಸಕ್ತರು ಹೈಕೋರ್ಟಿಗೆ ಹೋದರು, ಹಕ್ಕಿಗಳ ಪಟ್ಟಿ ಹಿಡಿದು ವಾದಿಸಿದರು. 2024ರಲ್ಲಿ ಅದೇ ಮಂಡಳಿ ಒಪ್ಪಿಗೆ ಕೊಟ್ಟಿತು. ಹುಲ್ಲುಗಾವಲು ಎಂದರೆ ಪಾಳು ಭೂಮಿ ಎಂಬ ಮಾತನ್ನು ಬದಲಾಯಿಸಲು ಅಷ್ಟು ವರ್ಷ ಹಿಡಿಯಿತು. ನಮ್ಮ ಜಿಲ್ಲೆಯಲ್ಲೇ ಯಡಹಳ್ಳಿಯ ಕುರುಚಲು ಕಾಡು ಚಿಂಕಾರಗಳಿಗಾಗಿ ವನ್ಯಧಾಮವಾಗಿದೆ. ಬರಡು ಎಂದು ಕಂಡದ್ದೆಲ್ಲ ಬರಡಲ್ಲ.

ಈ ಪ್ರಕರಣಗಳಿಂದ ನನಗೆ ಗೊತ್ತಾದದ್ದು ಎರಡು ಸಂಗತಿ. ಗೆದ್ದವರೆಲ್ಲ ಕಾಗದ ಸರಿಯಾಗಿ ಇಟ್ಟುಕೊಂಡವರು. ಮತ್ತು ಅವರು ಬೇಗ ಮನೆಗೆ ಹೋಗಲಿಲ್ಲ.

ನನ್ನ ಅರ್ಜಿ ಸದ್ಯಕ್ಕೆ ಕಡತದಲ್ಲಿದೆ. ಊರಿನ ನಲವತ್ತೊಂದು ಜನ ಸಹಿ ಮಾಡಿದ್ದಾರೆ, ಅದರಲ್ಲಿ ಹದಿನೇಳು ಹೆಬ್ಬೆಟ್ಟು. ಹಳ್ಳದ ಅಳತೆಗೆ ಸರ್ವೆಯವರು ಬರುತ್ತಾರೆ ಎಂದು ಹೇಳಿದ್ದಾರೆ. ಬಂದ ದಿನ ಚೈನ್ ಹಿಡಿಯಲು ಕುರಿ ಕಾಕಾ ಮೊದಲೇ ಹೆಸರು ಕೊಟ್ಟಿದ್ದಾರೆ. ಏನಾಗುತ್ತದೋ ನೋಡಬೇಕು. ಬಡಾವಣೆಗೆ ಅನುಮತಿ ಸಿಕ್ಕರೂ ಸಿಗಬಹುದು. ಆಗಲೂ ಹಳ್ಳ ಹಳ್ಳವಾಗಿಯೇ, ಗಾಯರಾಣದ ದಾರಿ ದಾರಿಯಾಗಿಯೇ ಉಳಿದರೆ ಈ ನಾಲ್ಕು ಪುಟಕ್ಕೆ ಅರ್ಧ ಕೂಲಿ ಸಿಕ್ಕಂತೆ.

ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ ಗೆಳೆಯರೇ. ನಿಮ್ಮ ಹೊಲದ ಉತಾರ ತೆಗೆದು ಕಾಲಂ 3 ಓದಿ. ನಿಮ್ಮ ಊರ ಗಾಯರಾಣ ಎಷ್ಟು ಎಕರೆ ಎಂದು ಕೇಳಿ, ಅಲ್ಲಿಗೆ ಹೋಗುವ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ಹೊಲ ಇಲ್ಲದವರೂ ನಡೆಯಿರಿ, ಆ ದಾರಿಯಲ್ಲಿ ನಿಮ್ಮ ಪಾಲೂ ಇದೆ.